ಬೇಡಿ ತಂದ ಕಟ್ಟಿಗೆಯ ಬಂಡಿ

ನನ್ನ ತಾಯಿಯ ತವರುಮನೆ ತಳಕಲ್ಲಿನಲ್ಲಿತ್ತು. ಅಜ್ಜನಿಗೆ ಎರೆಹೊಲವಿತ್ತು, ಎತ್ತುಗಳಿದ್ದವು, ಅವುಗಳ ಜೊತೆಗೆ ಊರಿನ ಬೇರೆ ಯಾವ ಒಕ್ಕಲಿಗ ಯಜಮಾನನಿಗೂ ಇರದಿದ್ದ ಒಂದು ಚಟವಿತ್ತು. ಅವನು ಮಕ್ಕಳಿಗೆ ಮರದ ಆಟಿಕೆ ಮಾಡುತ್ತಿದ್ದ. ಪಡಸಾಲೆಯ ಒಂದು ಮೂಲೆಯಲ್ಲಿ ಗೋಣಿತಾಟು ಹಾಸಿರುತ್ತಿತ್ತು. ಅದರ ಮೇಲೆ ಬಾಚಿ, ಉಳಿ, ಸಣ್ಣ ಗರಗಸ, ಹುಣಸೆ ಬೀಜದ ಅಂಟು ಕುದಿಸಿ ಕುದಿಸಿ ಕರ್ರಗಾದ ಒಂದು ಮಣ್ಣಿನ ಗಡಿಗೆ. ಹೊಲದ ಕೆಲಸವಿಲ್ಲದ ದಿನ ಅಜ್ಜ ಅಲ್ಲಿ ಕೂತನೆಂದರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ಹರೆಯದಲ್ಲಿ ಕಾಳು ಮಾರಲು ಕಿನ್ನಾಳಕ್ಕೆ ಹೋದಾಗಲೆಲ್ಲ ಅಲ್ಲಿಯ ಚಿತ್ರಗಾರರ ಕಟ್ಟೆಯ ಮೇಲೆ ಕೂತು ನೋಡಿ ಕಲಿತದ್ದಂತೆ. ಅವರು ಹಗುರ ಮರದ ತುಂಡುಗಳನ್ನು ಅಂಟಿನಿಂದ ಕೂಡಿಸಿ, ಅರಿವೆಯ ಚೂರು ಸುತ್ತಿ, ಸಂದು ಮುಚ್ಚಿ, ಬಣ್ಣ ಹಚ್ಚಿ ನಿಲ್ಲಿಸಿದರೆ ಗೊಂಬೆ ಒಂದೇ ಮರದಲ್ಲಿ ಕಡೆದಂತೆ ಕಾಣುತ್ತಿತ್ತು. ಅಜ್ಜನ ಆಟಿಕೆಗಳು ಹಾಗೆ ಕಾಣುತ್ತಿರಲಿಲ್ಲ. ಅವನ ಆನೆಗೆ ಎಮ್ಮೆಯ ಬೆನ್ನಿರುತ್ತಿತ್ತು. ಅವನು ಮಾಡಿಕೊಟ್ಟ ಕುದುರೆಯನ್ನು ನಾನು ಬಹಳ ದಿನ ಕತ್ತೆಯೆಂದೇ ತಿಳಿದು ಆಡಿದ್ದೆ. ಅವನೂ ಅದನ್ನು ತಿದ್ದಿರಲಿಲ್ಲ.

ಊರಿನ ಬಡಿಗ ಸಂಜೆಯ ಹೊತ್ತು ಎಲೆ ಅಡಿಕೆಗೆಂದು ಬರುತ್ತಿದ್ದ. ಬಂಡಿ, ನೇಗಿಲು, ಬಾಗಿಲು ಮಾಡುವ ಕೈ ಅವನದು. ಅಜ್ಜನ ಕೆಲಸವನ್ನು ನೋಡದೆ ಇರಲಾರ, ನೋಡಿ ಸುಮ್ಮನಿರಲಾರ.

“ಯಜಮಾನ್ರ, ಇದು ಏನಂತೀರಿ?”

“ನವಿಲು. ಕಣ್ಣ ಕಾಣುದಿಲ್ಲೇನು?”

“ಕೊಕ್ಕ ನೋಡಿದ್ರ ನವಿಲ ಖರೇ. ಕಾಲ ನೋಡಿದ್ರ ಮಂಚ ಅನಸತೈತಿ.”

“ನಿನ್ನ ಬಂಡಿ ಗಾಲಿ ನೋಡಿದ್ರ ನನಗ ಕುಂಬಳಕಾಯಿ ನೆನಪಾಗತೈತಿ. ನಾ ಎಂದರ ಬಾಯಿಬಿಟ್ಟ ಅಂದೀನೇನು?”

ಇಬ್ಬರೂ ಎಲೆ ಹಾಕಿಕೊಳ್ಳುತ್ತಿದ್ದರು. ಈ ಮಾತುಕತೆ ಪಕ್ಷಿ ಪ್ರಾಣಿಗಳ ಹೆಸರು ಬದಲಾಗಿ ಮರುದಿನವೂ ನಡೆಯುತ್ತಿತ್ತು.

ನಮ್ಮ ಕಡೆ ಮಗಳ ಕೂಸಿಗೆ ತೊಟ್ಟಿಲು ತವರಿನಿಂದ ಹೋಗಬೇಕು. ತೊಟ್ಟಿಲ ಮೇಲೆ ಕಟ್ಟುವ ಮರದ ಗಿಳಿಗಳನ್ನು ಅಜ್ಜ ತಾನೇ ಮಾಡುತ್ತಿದ್ದ. ನನ್ನ ಗಿಳಿಗಳು ಕೊಪ್ಪಳದ ನಮ್ಮ ಮನೆಯಲ್ಲಿ ಇನ್ನೂ ಇವೆ. ಒಂದರ ಬಾಲವನ್ನು ಹಲ್ಲು ಬರುವಾಗ ನಾನೇ ಕಡಿದು ತಿಂದೆನೆಂದು ಅವ್ವ ಹೇಳುತ್ತಾಳೆ.

ಅವ್ವನ ತಂಗಿ, ನನ್ನ ಚಿಗವ್ವನನ್ನು ಗಂಗಾವತಿಗೆ ಕೊಟ್ಟಿದ್ದರು. ಅವಳ ಬಾಣಂತನಕ್ಕೂ ಅಜ್ಜ ಗಿಳಿ ಮಾಡಿದ. ಒಂದಲ್ಲ, ಎರಡು ಸಲ. ಎರಡು ಸಲವೂ ತೊಟ್ಟಿಲು, ಗಿಳಿ, ಹೊಸ ಕುಲಾವಿ, ಎಲ್ಲವೂ ಮೊದಲೇ ಸಿದ್ಧವಾಗಿದ್ದವು. ಎರಡು ಸಲವೂ ಕೂಸು ಉಳಿಯಲಿಲ್ಲ. ಮನೆಯಲ್ಲಿ ಯಾರೂ ಇದನ್ನು ಇದಕ್ಕಿಂತ ಹೆಚ್ಚು ಮಾತಿನಲ್ಲಿ ಹೇಳುತ್ತಿರಲಿಲ್ಲ. ನಾನೂ ಹೇಳುವುದಿಲ್ಲ.

ಮೂರನೆಯದು ಗಂಡು. ಅದು ಹುಟ್ಟಿದ ದಿನವೇ ಸೂಲಗಿತ್ತಿ ಮುದುಕಿ ಕಟ್ಟಪ್ಪಣೆ ಮಾಡಿದಳು. ಈ ಕೂಸಿಗೆ ನಿಮ್ಮ ಮನೆಯದೆಂಬುದು ಏನೂ ಮುಟ್ಟಬಾರದು, ಎಲ್ಲ ಬೇಡಿ ತಂದದ್ದಾಗಬೇಕು. ಆಗ ಇದು ನಿಮ್ಮದಲ್ಲ, ಊರಿನದು ಎಂದು ತಿಳಿದು ದೃಷ್ಟಿ ಬೇರೆ ಕಡೆ ಹೋಗುತ್ತದೆ, ಎಂದು. ನಮ್ಮ ಕಡೆ ಇದು ಹೊಸದೇನಲ್ಲ. ಅವನು ಬೇಡಿ ತಂದ ಹಳೆಯ ಅಂಗಿ ತೊಟ್ಟ, ಬೇಡಿ ತಂದ ಕೌದಿಯ ಮೇಲೆ ಮಲಗಿದ. ಮೂಗಿಗೆ ಹೆಣ್ಣುಮಕ್ಕಳ ಹಾಗೆ ಒಂದು ತಂತಿ ಚುಚ್ಚಿದರು. ಯಾರೂ ಬಯಸದಂಥ ಒಂದು ಹೆಸರಿಟ್ಟರು. ಚಿಗವ್ವ ಅವನನ್ನು ಆ ಹೆಸರಿನಿಂದಲೂ ಕರೆಯುತ್ತಿರಲಿಲ್ಲ, “ಇದು” ಎನ್ನುತ್ತಿದ್ದಳು. ಮತ್ತು ಅವನನ್ನು ಸೊಂಟದಿಂದ ಕೆಳಗೆ ಇಳಿಸುತ್ತಿರಲಿಲ್ಲ.

ನನಗೆ ಒಂಬತ್ತು ವರ್ಷವಿದ್ದ ಬೇಸಿಗೆ ಅದು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಕೊಪ್ಪಳದ ಸಾಲೆಗೆ ಸೂಟಿ ಬಿಟ್ಟಿತ್ತು, ಅವ್ವ ನನ್ನನ್ನು ಅಜ್ಜನ ಮನೆಯಲ್ಲಿ ಬಿಟ್ಟು ಹೋಗಿದ್ದಳು. ಅಷ್ಟರಲ್ಲಿ ಕೂಸಿಗೆ ಒಂದೂವರೆ ವರ್ಷ ತುಂಬಿತ್ತು, ಬಾಣಂತನಕ್ಕೆ ಬಂದ ಚಿಗವ್ವ ಇನ್ನೂ ತವರಲ್ಲೇ ಇದ್ದಳು. ಅದರ ವಾರಗೆಯ ಮಕ್ಕಳು ಓಣಿಯಲ್ಲಿ ಓಡುತ್ತಿದ್ದರೆ ಇದು ಸೊಂಟದ ಮೇಲೆ ಕೂತು ನೋಡುತ್ತಿತ್ತು. ಕಾಲು ಗಟ್ಟಿಯಾಗಿಯೇ ಇದ್ದವು. ಸಿಟ್ಟು ಬಂದಾಗ ಅವುಗಳಿಂದ ಚಿಗವ್ವನ ಪಕ್ಕೆಗೆ ಒದೆಯುತ್ತಿತ್ತು. ಗಂಗಾವತಿಯಿಂದ ಚಿಗವ್ವನ ಗಂಡ ಬಂದು ಬಂದು ಹೋಗುತ್ತಿದ್ದರು. ಅವರು ಮೆತ್ತಗಿನ ಮನುಷ್ಯ. “ಯಾವಾಗ ಬರತಿ?” ಎಂದು ಒಂದೇ ಸಲ ಕೇಳುತ್ತಿದ್ದರು. “ಇದು ತನ್ನ ಕಾಲ ಮ್ಯಾಲೆ ನಡದ ಮ್ಯಾಲ,” ಎಂದು ಇವಳ ಉತ್ತರ.

“ನೆಲಕ್ಕ ಬಿಟ್ಟರ ನಡೀತೈತಿ,” ಎಂದು ಅಜ್ಜಿ ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು. “ಸೊಂಟದ ಮ್ಯಾಲೆ ಕುಂತ ನಡದ ಕೂಸನ್ನ ನಾ ಎಲ್ಲೂ ಕಂಡಿಲ್ಲ.”

ಒಂದು ದಿನ ಅಜ್ಜ ಉಳಿ ಮಸೆಯುತ್ತ, ಮುಖ ಎತ್ತದೆ, ಒಂದು ಮೂರು ಗಾಲಿಯ ಬಂಡಿ ಮಾಡುತ್ತೇನೆ ಎಂದ. ಕೂಸು ಹಿಡಿದುಕೊಂಡು ತಳ್ಳುತ್ತ ನಡೆ ಕಲಿಯುವ ಬಂಡಿ.

ಚಿಗವ್ವ ತಲೆಯಾಡಿಸಿದಳು. “ಬ್ಯಾಡಪ್ಪ. ನೀ ಮಾಡಿದ್ದು ಸಾಕು.”

ಅಜ್ಜನ ಕೈ ನಿಂತಿತು. ಅವಳಿಗೆ ತಾನು ಆಡಿದ ಮಾತು ಆಮೇಲೆ ಕೇಳಿಸಿರಬೇಕು. ಸ್ವಲ್ಪ ಹೊತ್ತಿನ ನಂತರ ಅವಳೇ, “ಮಾಡುದಾದ್ರ ಬೇಡಿ ತಂದ ಕಟ್ಟಿಗೀಲೆ ಮಾಡು. ನಮ್ಮನಿದು ಒಂದ ಚಕ್ಕಿನೂ ಇರಬಾರದು. ಬಣ್ಣ ಹಚ್ಚಬ್ಯಾಡ,” ಎಂದಳು.

“ಬಣ್ಣ ಇಲ್ದ ಗಿಳಿ ಹೆಂಗ ಕಾಣತೈತಿ?”

“ಕಾಣೋದಽ ಬ್ಯಾಡ.”

“ಹಂಗಾದ್ರ ಕೂಸನ್ನ ಇಳಸ್ತೀ ಏನ?”

“ಇಳಸ್ತೀನಿ,” ಎಂದಳು ಚಿಗವ್ವ. ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು.

ಬೇಡುವುದಕ್ಕೂ ಒಂದು ರೀತಿಯಿತ್ತು. ಮನೆಯ ಹಿರಿಯನೇ ಹೆಗಲಿಗೆ ಜೋಳಿಗೆ ಹಾಕಿಕೊಂಡು, ಕಾಲಿಗೆ ಕೆರವಿಲ್ಲದೆ ಹೋಗಬೇಕು. ಇಂಥದೇ ಬೇಕೆಂದು ಕೇಳುವಂತಿಲ್ಲ, ಕೊಟ್ಟದ್ದನ್ನು ಬೇಡವೆನ್ನುವಂತಿಲ್ಲ. ಗಂಡಸರು ಹೊಲಕ್ಕೆ ಹೋದ ಹೊತ್ತಿನಲ್ಲಿ ಹೆಂಗಸರಿರುವ ಮನೆಗಳ ಮುಂದೆ ನಿಲ್ಲಬೇಕಾದ್ದರಿಂದ ಅಜ್ಜ ನನ್ನನ್ನು ಮುಂದೆ ಮಾಡಿಕೊಂಡು ಹೊರಟ.

ಊರಿನ ಜಗಳ ಬಗೆಹರಿಸಲು ಕರೆಸಿಕೊಳ್ಳುತ್ತಿದ್ದ ಮನುಷ್ಯ ಅವನು. ಮೊದಲ ಮನೆಯ ಮುಂದೆ ಬಾಯಿಂದ ಮಾತೇ ಹೊರಡಲಿಲ್ಲ. ಆ ಮನೆಯ ಹೆಣ್ಣುಮಗಳು ತಲೆಯ ಮೇಲೆ ಸೆರಗು ಎಳೆದುಕೊಂಡು, “ಯಜಮಾನ್ರ, ನಮ್ಮ ಎಮ್ಮಿ ಏನರ ನಿಮ್ಮ ಹೊಲಾ ಹೊಕ್ಕಿತ್ತೇನ್ರಿ?” ಎಂದು ಹೆದರಿ ಕೇಳಿದಳು. ಕೊನೆಗೆ ನಾನೇ ಹೇಳಿದೆ: “ಕೂಸಿಗೆ ಕಟ್ಟಿಗಿ ಭಿಕ್ಷಾ ನೀಡ್ರಿ.” ಅವಳು ಮುರಿದ ಕಡಗೋಲು ತಂದು ಹಾಕಿದಳು. ಅಜ್ಜನಿಗಿಂತ ಅವಳೇ ಹೆಚ್ಚು ನಾಚಿಕೊಂಡಳು.

ಎರಡು ಮೂರು ಮನೆ ದಾಟಿದ ಮೇಲೆ ಅವನಿಗೆ ಧೈರ್ಯ ಬಂತು. ಬೀಸುಕಲ್ಲಿನ ಸವೆದ ಗೂಟ ಸಿಕ್ಕಿತು. ಮಂಚದ ದಪ್ಪ ಕಾಲು ಸಿಕ್ಕಿತು. ಬಿತ್ತುವ ಕೂರಿಗೆಯ ಒಡೆದ ಬಟ್ಟಲು ಸಿಕ್ಕಿತು. ಪಿಂಜಾರರ ಮನೆಯ ಮುದುಕಿ ಹತ್ತಿ ಹಿಂಜುವ ಬಿಲ್ಲನ್ನು ಬಡಿಯುವ ಹಳೆಯ ಕೊಡತಿಯನ್ನು ಎರಡೂ ಕೈಯಿಂದ ಕೊಟ್ಟು, “ಅಲ್ಲಾ ಕಾಪಾಡತಾನ ತಗೋ ಬೇಟಾ,” ಎಂದು ನನ್ನ ತಲೆ ಸವರಿದಳು. ಕೂಸು ನಾನೇ ಎಂದು ತಿಳಿದಿದ್ದಳೋ ಏನೋ. ಬಡಿಗನ ಮನೆ ಬಂದಾಗ ಅವನು ಬೇಕೆಂದೇ ಬಾಗಿಲಲ್ಲಿ ಕೈಕಟ್ಟಿ ನಿಂತ.

“ಭಿಕ್ಷುಕರು ಜೋರಾಗಿ ಕೂಗಬೇಕ್ರಿ. ಒಳಗಿನವ್ರಿಗೆ ಕೇಳಸಂಗಿಲ್ಲ.”

“ನೀಡ್ತೀಯೋ, ಮುಂದಿನ ಮನಿಗೆ ಹೋಗಲ್ಯೋ?”

“ನೀಡ್ತೀನ್ರಿ. ಎಂದ ಬರಬೇಕ ಈ ಯೋಗ?” ಎಂದು ಒಳಗೆ ಹೋಗಿ ತೇಗದ ಒಂದು ನೀಟಾದ ಹಲಗೆ ತಂದು ಹಾಕಿದ. ತಂದು ಹಾಕುವಾಗ ಅವನ ಮುಖದಲ್ಲಿ ನಗು ಇರಲಿಲ್ಲ.

ಕೊನೆಗೆ ನಮ್ಮ ಹಿತ್ತಲಿಗೆ ಹೊಂದಿದ ಮನೆ. ಆ ಮನೆಯ ಹೆಂಗಸು ಅಜ್ಜಿಯನ್ನು ಅಕ್ಕಾ ಎನ್ನುತ್ತಿದ್ದಳು, ನಾನು ಅವಳನ್ನು ಅತ್ತಿ ಎನ್ನುತ್ತಿದ್ದೆ. ಮಾತು ಬಹಳ, ಮನಸ್ಸು ಒಳ್ಳೆಯದು, ಎರವಲು ತಂದದ್ದರ ನೆನಪು ಕಡಿಮೆ. ಅಜ್ಜ ಬಾಯಿ ತೆರೆಯುವ ಮೊದಲೇ ಅವಳು ಒಳಗೆ ಓಡಿಹೋಗಿ, ಸೆರಗಿನಲ್ಲಿ ಮುಚ್ಚಿಕೊಂಡು ಒಂದು ಉದ್ದನೆಯ ದುಂಡು ಕೋಲು ತಂದಳು. ಅದನ್ನು ಜೋಳಿಗೆಯ ತಳಕ್ಕೆ ತುರುಕಿದಳು.

“ಭಾಳ ಛಲೋ ಕಟ್ಟಿಗಿ ಮಾವಾರ. ಮನಿಗೆ ಒಯ್ದ ಮ್ಯಾಲ ತಿಳೀತೈತಿ,” ಎಂದು ಕದ ಮುಂದೆ ಮಾಡಿಕೊಂಡಳು.

ಅಜ್ಜ ಅದನ್ನು ದಾರಿಯಲ್ಲೇ ತೆಗೆದು ನೋಡಿದ. ನುಣುಪಾಗಿತ್ತು, ನೇರವಾಗಿತ್ತು, ನಡುವೆ ತುಸು ದಪ್ಪ, ತುದಿಗಳಲ್ಲಿ ಸಣ್ಣ. “ಎಷ್ಟ ಛಂದ ಕಡದಾರ ನೋಡವಾ. ಕೂಸಿನ ಕೈಗೆ ಹೇಳಿ ಮಾಡಿಸಿದ ಹಿಡಿಕಿ,” ಎಂದ. ಅದು ಏನೆಂದು ಅವನಿಗೆ ತಿಳಿಯಲಿಲ್ಲ. ಮೂವತ್ತು ನಲವತ್ತು ವರ್ಷ ಒಂದೇ ಮನೆಯಲ್ಲಿ ಉಂಡವನು ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ.

ಬಂಡಿಯ ಕೆಲಸ ಬೇಗ ಸಾಗಲಿಲ್ಲ. ಒಂದೊಂದು ಕಟ್ಟಿಗೆ ಒಂದೊಂದು ಸ್ವಭಾವದ್ದು. ಕಡಗೋಲು ಉಳಿಗೆ ಹೆದರಿ ಸೀಳಿತು, ಕೊಡತಿಗೆ ಉಳಿಯೇ ಹೆದರಿತು. ಮಂಚದ ಕಾಲನ್ನು ಸವತೆಕಾಯಿಯ ಹಾಗೆ ಅಡ್ಡಕ್ಕೆ ಕೊಯ್ದು ಅಜ್ಜ ಮೂರು ಗಾಲಿ ಮಾಡಿದ. ಬಡಿಗ ನೋಡಿ, “ಅಡ್ಡ ಕೊಯ್ದ ಗಾಲಿ ಬಿಸಲಿಗೆ ಸೀಳತಾವ್ರಿ,” ಎಂದ. ಮರುದಿನ ಮಧ್ಯಾಹ್ನದ ಹೊತ್ತಿಗೆ ಮೂರೂ ಸೀಳಿದ್ದವು. ಅಜ್ಜ ಹುಣಸೆ ಬೀಜ ಹುರಿದು, ನೆನೆಸಿ, ಸಿಪ್ಪೆ ತೆಗೆದು, ಒರಳಿನಲ್ಲಿ ಅರೆದು ಅಂಟು ಕುದಿಸಿದ. ಗರಗಸದ ಹೊಟ್ಟನ್ನು ಅದಕ್ಕೆ ಕಲಸಿ ಸೀಳುಗಳಿಗೆ ತುಂಬಿದ. ಅದರ ಮೇಲೆ ಅಂಟಿನಲ್ಲಿ ಅದ್ದಿದ ಅರಿವೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ನೆರಳಲ್ಲಿ ಒಣಗಿಸಿದ. ಹುಣಸೆ ಬೀಜವನ್ನೂ ಅರಿವೆಯನ್ನೂ ಬೇಡಿಯೇ ತಂದಿದ್ದೆವು. ಗಾಲಿಗಳು ಕಲ್ಲಿನಂತಾದವು. ಬಡಿಗ ಉಗುರಿನಿಂದ ಬಡಿದು ನೋಡಿ, “ಗಾಲಿಗೆ ಜಡ್ಡಾಗಿತ್ತು, ಪಟ್ಟಿ ಕಟ್ಟೀರಿ,” ಎಂದು ಒಪ್ಪಿಗೆ ಕೊಟ್ಟ.

ಮುಂದಿನ ಅಡ್ಡಪಟ್ಟಿಯ ಮೇಲೆ ಅಜ್ಜ ಒಂದು ಗಿಳಿ ಕೂರಿಸಿದ. ಅದರ ಕುತ್ತಿಗೆ ಒಂದು ಮೊಳೆಯ ಮೇಲೆ ಆಡುತ್ತಿತ್ತು. ಮುಂದಿನ ಗಾಲಿಯ ಅಚ್ಚಿಗೆ ಒಂದು ಗೂಟ ಹೊಡೆದಿದ್ದ. ಗಾಲಿ ತಿರುಗಿದಾಗಲೆಲ್ಲ ಗೂಟ ಗಿಳಿಯ ತಲೆಯನ್ನು ಎತ್ತುವುದು, ತಲೆ ಬಿದ್ದು ಕೊಕ್ಕು ಹಲಗೆಗೆ ಬಡಿಯುವುದು. ಟಕ್, ಟಕ್. ಇದು ಯಾಕೆ ಎಂದು ಕೇಳಿದೆ. “ಆಕಿ ಒಳಗ ರೊಟ್ಟಿ ಬಡೀತಿರತಾಳ. ಕೂಸು ಹೊರಗ ಇರತೈತಿ. ಸಪ್ಪಳ ಕೇಳಿದ್ರ ಆಕಿಗೆ ಕೂಸು ಅದಾನ ಅಂತ ಗೊತ್ತಾಗತೈತಿ,” ಎಂದ. ಎಲ್ಲರೂ ಆಡಿಕೊಳ್ಳುವ ಆಟಿಕೆಗಳನ್ನು ಮಾಡುತ್ತಿದ್ದವನು ಇಷ್ಟನ್ನು ಯೋಚಿಸಿದ್ದ.

ಬಂಡಿಯನ್ನು ಅಂಗಳಕ್ಕೆ ತಂದಿಟ್ಟ ದಿನ ಚಿಗವ್ವ ಕೂಸನ್ನು ಎತ್ತಿಕೊಂಡೇ ಬಗ್ಗಿ ಒಂದೊಂದು ಭಾಗವನ್ನು ಬೆರಳಿಂದ ಮುಟ್ಟಿ ಕೇಳಿದಳು. ಇದು ಯಾರ ಮನಿದು? ಇದು? ಅಜ್ಜ ಸಾಲೆಯ ಹುಡುಗನ ಹಾಗೆ ಉತ್ತರ ಹೇಳಿದ. ಬಣ್ಣವಿರಲಿಲ್ಲವಾದ್ದರಿಂದ ಒಂದೊಂದು ಕಟ್ಟಿಗೆಯೂ ತನ್ನ ಬಣ್ಣದಲ್ಲೇ ಇತ್ತು, ಕೆಂಪು, ಬೂದಿ, ಜೇನಿನ ಬಣ್ಣ. ಹಿಡಿಕೆಗೆ ಬಂದಾಗ ಅವಳ ಬೆರಳು ಅದರ ಬಲತುದಿಯಲ್ಲಿ ತುಸು ಹೊತ್ತು ನಿಂತಿತು.

“ಇದು?”

“ಹಿತ್ತಲ ಮನಿಯವ್ರದು,” ಎಂದ ಅಜ್ಜ.

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕೂಸು ಗಿಳಿಯ ಮೇಲೆ ಕಣ್ಣಿಟ್ಟು ಸೊಂಟದಿಂದ ತಾನೇ ಜಾರಿತು. ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು ಎದ್ದು ನಿಂತಿತು. ಮೊಣಕಾಲು ನಡುಗುತ್ತಿದ್ದವು. ಬಂಡಿ ಗೇಣಷ್ಟು ಸರಿಯಿತು. ಟಕ್ ಎಂದಿತು. ಕೂಸು ಗಿಳಿಯನ್ನು ನೋಡಿ, ನಮ್ಮನ್ನು ನೋಡಿ, ಮತ್ತೆ ಗಿಳಿಯನ್ನು ನೋಡಿತು. ಚಿಗವ್ವನ ಕೈ ಚಾಚಿದಂತೆಯೇ ಇತ್ತು, ಆದರೆ ಮುಟ್ಟಲಿಲ್ಲ.

ಅಜ್ಜಿ ಆಗ ನೀರಿನ ಕೊಡ ಹೊತ್ತು ಬಂದಳು. ಕೂಸು ನಿಂತದ್ದನ್ನು ನೋಡಿ ಅವಳ ಮುಖ ಅರಳಿತು. ಆಮೇಲೆ ಹಿಡಿಕೆಯನ್ನು ನೋಡಿದಳು. ಕೊಡ ಇಳಿಸದೆ, ಸುಮ್ಮನೆ ಒಳಗೆ ಹೋದಳು.

ಇಲ್ಲಿ ಅಜ್ಜಿಯ ಲಟ್ಟಣಿಗೆಯ ಸಂಗತಿ ಹೇಳಬೇಕು. ನಮ್ಮದು ಜೋಳದ ರೊಟ್ಟಿಯ ಸೀಮೆ. ರೊಟ್ಟಿಯನ್ನು ಕೈಯಿಂದ ಬಡಿಯುತ್ತೇವೆ. ಲಟ್ಟಣಿಗೆ ಹೊರಗೆ ಬರುವುದು ಹೋಳಿಗೆಯ ಹಬ್ಬಕ್ಕೆ ಮಾತ್ರ. ಅಜ್ಜಿಯದು ಅವಳ ಕುಷ್ಟಗಿಯ ತವರಿನಿಂದ ಬಂದದ್ದು. ಅದನ್ನು ಹಿತ್ತಲ ಮನೆಯ ಅತ್ತಿ ಒಂದು ಹಬ್ಬಕ್ಕೆಂದು ಒಯ್ದು, ನಾನು ಸಾಲೆಗೆ ಸೇರುವ ಮೊದಲಿನಿಂದ, ಇಟ್ಟುಕೊಂಡಿದ್ದಳು. ಹಬ್ಬವಿಲ್ಲದ ದಿನ ಇಬ್ಬರಿಗೂ ಅದರ ನೆನಪಿರುತ್ತಿರಲಿಲ್ಲ. ಹಬ್ಬ ಬಂತೆಂದರೆ ಅಜ್ಜಿ ಹಿತ್ತಲ ಗೋಡೆಯ ಹತ್ತಿರ ನಿಂತು, “ಒಯ್ಯುವಾಗ ಎರಡ ಕಾಲು, ತರುವಾಗ ಒಂದೂ ಇಲ್ಲ,” ಎಂದು ಶುರುಮಾಡುತ್ತಿದ್ದಳು. ಆ ಕಡೆಯಿಂದ, “ಹುಡುಕಾಕತ್ತೀನಿ ಅಕ್ಕಾ,” ಎಂದು ಕೇಳಿಬರುತ್ತಿತ್ತು. ಅಜ್ಜಿ ಹಿತ್ತಾಳೆಯ ತಂಬಿಗೆಯನ್ನು ಅಡ್ಡ ಉರುಳಿಸಿ ಹೋಳಿಗೆ ಲಟ್ಟಿಸುತ್ತಿದ್ದಳು. ಹೊಸದೊಂದನ್ನು ತರಿಸಲು ಒಪ್ಪುತ್ತಿರಲಿಲ್ಲ. ಹೊಸದು ತಂದರೆ ಹಳೆಯದನ್ನು ಬಿಟ್ಟುಕೊಟ್ಟಂತೆ.

ಆ ಸಂಜೆ ದನಗಳ ಗ್ವಾದಲಿಯ ಹತ್ತಿರ ಕರುವಿಗೆ ಹುಲ್ಲು ಹಾಕುತ್ತಿದ್ದೆ. ಅಜ್ಜಿ ಅಜ್ಜನನ್ನು ಅಲ್ಲಿಗೆ ಕರೆತಂದಳು. ನಾನಿರುವುದನ್ನು ನೋಡಿಯೂ ಲೆಕ್ಕಿಸಲಿಲ್ಲ.

“ಅದು ನನ್ನ ಲಟ್ಟಣಗಿ.”

“ಯಾವದು?”

“ಕೂಸು ಹಿಡಕೊಂಡಿದ್ದು! ಗುರ್ತ ಸಿಗಲಿಲ್ಲೇನ್ರಿ ನಿಮಗ?”

“ಲಟ್ಟಣಗಿ ಹಂಗಿರತೈತೇನು?”

“ಅಯ್ಯ ನನ್ನ ಶಿವನ! ಮತ್ತ ಹೆಂಗಿರತೈತಿ, ನೇಗಲದಂಗ ಇರತೈತೇನು? ಅಡಗಿಮನ್ಯಾಗ ಒಮ್ಮೆರ ಹಣಿಕಿ ಹಾಕಿದ್ರ ಗೊತ್ತಿರತಿತ್ತು. ಅದು ನಮ್ಮನಿದು. ಆಕಿಗೆ ಗೊತ್ತಾದ್ರ ಕೂಸನ್ನ ಮತ್ತ ಎತಗೊಂತಾಳ, ಇನ್ನ ಇಳಸೂದಿಲ್ಲ.”

ಅಜ್ಜ ಕರುವಿನ ಕೊರಳು ತುರಿಸಿದ. “ಕಿತ್ತ ತಗದ ಬ್ಯಾರೆ ಹಾಕಲೇನು?”

“ಕಿತ್ತರ ಯಾಕ ಅಂತ ಕೇಳ್ತಾಳ. ಸುಮ್ಕಿರ್ರಿ. ನಾನೂ ಸುಮ್ಕಿರತೀನಿ,” ಎಂದು ಹೇಳಿ, ಎರಡು ಹೆಜ್ಜೆ ಹೋಗಿ, ತಿರುಗಿ ಬಂದು ನನ್ನ ಗದ್ದ ಹಿಡಿದಳು. “ನೀನೂ.”

ನಾನು ಸುಮ್ಮನಿರುವುದರಲ್ಲಿ ಆಗಲೂ ಹುಷಾರಾಗಿದ್ದೆ.

ಮುಂದಿನ ದಿನಗಳಲ್ಲಿ ಅಂಗಳದಲ್ಲಿ ಟಕ್ ಟಕ್ ತಪ್ಪಲಿಲ್ಲ. ಮೊದಲು ಚಿಗವ್ವ ಬಂಡಿಯ ಹಿಂದೆಯೇ ಬಗ್ಗಿ ನಡೆಯುತ್ತಿದ್ದಳು. ಆಮೇಲೆ ಕಟ್ಟೆಯ ಮೇಲೆ ಕೂತು ನೋಡಿದಳು. ಆಮೇಲೆ ಒಲೆಯ ಮುಂದೆ ಕೂತು ಕೇಳಿದಳು. ಸಪ್ಪಳ ನಿಂತರೆ ರೊಟ್ಟಿ ಬಿಟ್ಟು ಏಳುತ್ತಿದ್ದಳು. ಹೊಸ್ತಿಲಿಗೆ ಬರುವಷ್ಟರಲ್ಲಿ ಸಪ್ಪಳ ಮತ್ತೆ ಶುರುವಾಗಿರುತ್ತಿತ್ತು.

ಅಜ್ಜಿಗೆ ಬೇರೊಂದು ಕೆಲಸ ಬಂತು. ಹಿತ್ತಲ ಮನೆಯ ಅತ್ತಿ ಒಳಗೆ ಬಂದು ಬಂಡಿಯನ್ನು ನೋಡಿ ಬಾಯಿ ಬಿಡಬಾರದು. ಅತ್ತಿಯ ಧ್ವನಿ ಕೇಳಿದರೆ ಸಾಕು, ಅಜ್ಜಿ ಓಣಿಗೇ ಹೋಗಿ ಎದುರುಗೊಳ್ಳುತ್ತಿದ್ದಳು. “ಬಾರವಾ, ಇಲ್ಲೇ ಗಾಳಿಗೆ ನಿಂದರೂಣು,” ಎನ್ನುತ್ತಿದ್ದಳು. ಅವಳಿಗೆ ಎಲೆ ಅಡಿಕೆ ಕೊಟ್ಟಳು, ಉಪ್ಪಿನಕಾಯಿ ಕೊಟ್ಟಳು. ಇಷ್ಟು ವರ್ಷ ಬೈಸಿಕೊಂಡ ಅತ್ತಿ ಗಾಬರಿಯಾಗಿ, “ಅಕ್ಕನ ಆರಾಮ ಛಲೋ ಐತಿಲ್ಲೋ?” ಎಂದು ನನ್ನನ್ನು ಮೆಲ್ಲಗೆ ಕೇಳಿದಳು.

ಬಸವಜಯಂತಿಯ ದಿನ ಹೋಳಿಗೆ. ಅಡುಗೆಮನೆಯಲ್ಲಿ ಚಿಗವ್ವ ಹೂರಣದ ಉಂಡೆ ಕಟ್ಟುತ್ತಿದ್ದಳು, ಅಜ್ಜಿ ತಂಬಿಗೆ ಉರುಳಿಸುತ್ತಿದ್ದಳು. ಅಜ್ಜಿಯ ಎರಡೂ ಕೈಗೆ ಕಣಕ ಹತ್ತಿದ್ದರಿಂದ, ಅತ್ತಿಯ ಧ್ವನಿ ಕೇಳಿದರೂ ಈ ಸಲ ಎದ್ದು ಹೋಗಲಾಗಲಿಲ್ಲ. ಅತ್ತಿ ಹಿತ್ತಲ ಬಾಗಿಲಿನಿಂದ ನೇರ ಒಳಗೆ ಬಂದು ನಿಂತಳು.

“ಅಯ್ಯ ಅಕ್ಕಾ! ಲಟ್ಟಣಗಿ ಮನಿಗೆ ಬಂದೈತಿ, ಇನ್ನೂ ತಂಬಗಿ ಉರುಳಸಾಕತ್ತೀರಲ್ಲ?”

ಅಜ್ಜಿಯ ಕೈ ನಿಂತಿತು. “ಯಾವ ಲಟ್ಟಣಗಿ?”

“ನಿಮ್ಮದಽ! ಕೊಡಾಕ ಬಂದ್ರ ಬೈತೀರಿ ಅಂತ ಹೆದರಿ ಇಟ್ಟಕೊಂಡಿದ್ದೆ. ಮಾವಾರು ಜೋಳಿಗಿ ತಂದ್ರಲ್ಲ, ಭಿಕ್ಷಾ ನೀಡಿದಂಗ ವಾಪಸ್ ಹಾಕಿಬಿಟ್ಟೆ. ಭಿಕ್ಷಾ ನೀಡಿದಾಕಿನ್ನ ಯಾರೂ ಬಯ್ಯಂಗಿಲ್ಲಲ್ಲ.” ಅವಳು ತನ್ನ ಜಾಣತನಕ್ಕೆ ತಾನೇ ನಕ್ಕಳು.

ಅಜ್ಜಿ ನಗಲಿಲ್ಲ. ಚಿಗವ್ವನ ಕಡೆ ನೋಡಲೂ ಇಲ್ಲ. “ಅದು ನಂದಲ್ಲ,” ಎಂದಳು.

“ನಿಮ್ಮದಲ್ಲ?”

“ನಂದು ಅಷ್ಟ ಉದ್ದ ಎಲ್ಲಿತ್ತು? ನಿಮ್ಮ ಅತ್ತಿದಿರಬೇಕು. ನಿಮ್ಮನಿದಽ ಅದು.”

“ಅಯ್ಯಯ್ಯ, ಹಂಗಾದ್ರ ಇಷ್ಟ ವರ್ಷ ನನ್ನ ಜೋಡಿ ಯಾತಕ್ಕ ಜಗಳಾಡಿದ್ರಿ? ಹಬ್ಬಕ್ಕೊಮ್ಮೆ ನನ್ನ ಮಾನ ಕಳದ್ರಿ!”

“ಬಾಯಿ ಚಟಕ್ಕ ಆಡಿದ್ದೆ. ತಪ್ಪಾತು,” ಎಂದಳು ಅಜ್ಜಿ. ಅಜ್ಜಿಯ ಬಾಯಿಂದ ಆ ಮಾತನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಚಿಗವ್ವ ಕೈಯಲ್ಲಿದ್ದ ಹೂರಣದ ಉಂಡೆಯನ್ನು ತಟ್ಟೆಯಲ್ಲಿಟ್ಟಳು.

“ಅವ್ವಾ, ಬಿಡು. ಅದು ನಿಂದಽ. ಬಲಕಿನ ತುದಿಗೆ ಸುಟ್ಟ ಕಲಿ ಐತಲ್ಲ, ಅದು ನಾ ಮಾಡಿದ್ದು. ಸಣ್ಣಾಕಿ ಇದ್ದಾಗ ಅದರಿಂದ ಒಲಿ ಕೆದರಿದ್ದೆ. ಅದರಿಂದನ ನೀ ಹೊಡದಿದ್ದಿ.”

ಅತ್ತಿ ಒಬ್ಬೊಬ್ಬರ ಮುಖ ನೋಡುತ್ತಿದ್ದಳು.

“ಯಾವಾಗ ಗುರ್ತ ಹಿಡದಿ?” ಎಂದು ಅಜ್ಜಿ ಕೇಳಿದಳು.

“ಅಪ್ಪ ಅಂಗಳದಾಗ ತಂದ ಇಟ್ಟಾಗನ.”

“ಮತ್ತ?”

“ಬ್ಯಾಡ ತಗೀ ಅನ್ನಾಕ ಬಾಯಿ ತೆರದಿದ್ದೆ. ಅಷ್ಟರಾಗ ಇವ ಅದನ್ನ ಹಿಡದ ಎದ್ದ ನಿಂತಿದ್ದ.” ಅವಳು ಬೆರಳಿಗೆ ಹತ್ತಿದ ಹೂರಣವನ್ನು ತಟ್ಟೆಯ ಅಂಚಿಗೆ ಒರೆಸಿದಳು. “ನಿಂತಿದ್ದು ಕಂಡ ಮ್ಯಾಲ ಮತ್ತ ಕೂಡ್ರಸಾಕ ಮನಸಾಗಲಿಲ್ಲ.”

ಅವಳು ಮಗನಿಗೆ “ಇವ” ಎಂದದ್ದು ಅಜ್ಜಿಗೂ ಕೇಳಿಸಿರಬೇಕು. ಅಜ್ಜಿ ತಂಬಿಗೆಯನ್ನು ಮತ್ತೆ ಉರುಳಿಸಲು ಶುರುಮಾಡಿದಳು, ಮಣೆಯ ಮೇಲೆ ಕಣಕ ಇರಲಿಲ್ಲ.

ಆಗ ಹೊರಗೆ ಟಕ್ ಟಕ್ ನಿಂತಿತು. ನಾವೆಲ್ಲ ಕಾದೆವು. ಮತ್ತೆ ಶುರುವಾಗಲಿಲ್ಲ. ಚಿಗವ್ವ ಎದ್ದು ಹೊಸ್ತಿಲಿಗೆ ಹೋದಳು, ನಾವು ಅವಳ ಹಿಂದೆ.

ಬಂಡಿ ತುಳಸಿಕಟ್ಟೆಗೆ ತಾಗಿ ನಿಂತಿತ್ತು. ಕೂಸು ಅದರ ಹತ್ತಿರ ಇರಲಿಲ್ಲ. ಅಂಗಳದ ನಟ್ಟನಡುವೆ, ಏನನ್ನೂ ಹಿಡಿಯದೆ, ಎರಡೂ ಕೈ ಅಗಲಿಸಿ ನಿಂತಿತ್ತು. ಎದುರಿಗೆ ಕರು. ಕರು ಒಂದು ಹೆಜ್ಜೆ ಹಿಂದೆ ಸರಿಯಿತು, ಕೂಸು ಒಂದು ಹೆಜ್ಜೆ ಮುಂದೆ ಇಟ್ಟಿತು. ಮತ್ತೊಂದು. ಕಟ್ಟೆಯ ಮೇಲೆ ಬಡಿಗನ ಜೊತೆ ಕೂತಿದ್ದ ಅಜ್ಜ ಅರ್ಧ ಎದ್ದವನು ಹಾಗೆಯೇ ಉಳಿದ. ಕೂಸು ಬಿದ್ದಿತು. ಚಿಗವ್ವ ಕದದ ಚೌಕಟ್ಟನ್ನು ಹೂರಣದ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದಳು. ಹೋಗಿ ಎತ್ತಿಕೊಳ್ಳಲಿಲ್ಲ. ಕೂಸು ನಮ್ಮನ್ನು ನೋಡಿತು, ಅಳಬೇಕೋ ಬೇಡವೋ ಎಂದು ಯೋಚಿಸಿತು, ಎದ್ದು ಮತ್ತೆ ಕರುವಿನ ಹಿಂದೆ ಹೋಯಿತು.

“ಅಪ್ಪಾ,” ಎಂದಳು ಚಿಗವ್ವ, ಕಣ್ಣು ಅಲ್ಲೇ ಇಟ್ಟು. “ಗಿಳಿಗೆ ಬಣ್ಣ ಹಚ್ಚು.”

ಅಜ್ಜ ಆ ಸಂಜೆಯೇ ಕೂತ. ಬಣ್ಣದ ಪುಡಿಗಳನ್ನು ಅವನು ಮೊದಲೇ ಕಿನ್ನಾಳದಿಂದ ತರಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದನೆಂದು ಆಗ ತಿಳಿಯಿತು. ಮೈಗೆ ಹಸಿರು, ಕೊಕ್ಕಿಗೆ ಕೆಂಪು, ಕೊರಳಿಗೆ ಹಳದಿಯ ಒಂದು ಎಳೆ. ಬಡಿಗ ಪಕ್ಕದಲ್ಲಿ ಕೂತು, “ಈಗ ಖಾತ್ರಿ ಆತ್ರಿ. ಇಷ್ಟ ದಿನ ಬೆಳವಲಕಾಯಿ ಅಂತ ತಿಳಕೊಂಡಿದ್ದೆ,” ಎಂದ. ಗಾಲಿಗಳಿಗೂ ಬಣ್ಣ ಬಂತು. ಹಿಡಿಕೆಗೆ ಮಾತ್ರ ಬಣ್ಣ ಹಚ್ಚಲು ಚಿಗವ್ವ ಬಿಡಲಿಲ್ಲ.

ಸಾಲೆ ಶುರುವಾಗುವ ಮೊದಲು ಗಂಗಾವತಿಯಿಂದ ಅವಳ ಗಂಡ ಬಂದರು. ಈ ಸಲ ಏನೂ ಕೇಳಲಿಲ್ಲ. ಮಗ ಅಂಗಳದಲ್ಲಿ ನಡೆಯುವುದನ್ನು ಕಂಬಕ್ಕೆ ಒರಗಿ ನೋಡಿದರು, ಆಮೇಲೆ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. ಬುತ್ತಿಗೆ ಹೋಳಿಗೆ ಆಗಬೇಕೆಂದು ಅಜ್ಜಿ ಬೆಳಗಿನಿಂದ ಒಲೆಯ ಮುಂದೆ ಇದ್ದಳು. ಹಿತ್ತಲ ಮನೆಯ ಅತ್ತಿಯೂ ಕೂತು ಉಂಡೆ ಕಟ್ಟಿದಳು. ಇಬ್ಬರ ನಡುವೆ ತಂಬಿಗೆ ಉರುಳುತ್ತಿತ್ತು.

ಎತ್ತಿನ ಗಾಡಿಯ ಹಿಂದೆ ಬಂಡಿಯನ್ನು ಹಗ್ಗದಿಂದ ಬಿಗಿದು ಕಟ್ಟಿದರು. ಚಿಗವ್ವ ಮಗನನ್ನು ಗಾಡಿಯವರೆಗೆ ಕೈಹಿಡಿದು ನಡೆಸಿಕೊಂಡು ಹೋದಳು. ಅಲ್ಲಿ ನಿಂತು ಅಜ್ಜನ ಕಾಲಿಗೆ ಬಿದ್ದಳು, ಅಜ್ಜಿಯ ಕಾಲಿಗೆ ಬಿದ್ದಳು, ಯಾರೂ ಅಳಬಾರದೆಂದು ಎಲ್ಲರೂ ಎತ್ತುಗಳ ಬಗ್ಗೆ ಮಾತಾಡಿದರು. ಗಾಡಿ ಹೊರಟಿತು. ತಗ್ಗಿಗೆ ಇಳಿದಾಗ ಗಿಳಿಯ ತಲೆ ಒಮ್ಮೆ ಎದ್ದು ಬಡಿಯಿತು.

ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಪಕ್ಕದಲ್ಲಿ ನಿಂತಿದ್ದ ಅತ್ತಿಯ ಕಡೆ ತಿರುಗಿದಳು.

“ನೋಡ,” ಎಂದಳು, “ಮತ್ತ ಹೋತು ನನ್ನ ಲಟ್ಟಣಗಿ.”